‘ನಾನು ಬರೀ ಒಬ್ಬ ಹಿಲ್‌ಬಿಲಿ, ಡಾಕ್’

ಏಪ್ರಿಲ್ ಕೊನೆಯಲ್ಲಿ ನನಗೆ ಒಂದು ಫೋನ್ ಬರುತ್ತದೆ. ಪ್ರತಿ ವರ್ಷ ಬರುವುದಿಲ್ಲ. ಆದರೆ ಈ ಹದಿನೆಂಟು ವರ್ಷಗಳಲ್ಲಿ ನಾಲ್ಕು ಸಲ ಬಂದಿದೆ. ಫೋನ್ ಮಾಡುವವರು ನಮ್ಮ ಕಡೆಯಿಂದ ಅಮೆರಿಕದ ಈ ಕಲ್ಲಿದ್ದಲು ಬೆಟ್ಟಗಳಿಗೆ ಹೊಸದಾಗಿ ಬಂದ ಡಾಕ್ಟರುಗಳು. ಈ ವರ್ಷದ ಹುಡುಗ ಕಲಬುರಗಿ ಕಡೆಯವನು. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು.

“ಮೇಡಂ, ಇವತ್ತು ಒಬ್ಬರು ಪೇಶೆಂಟ್ ಅರ್ಧಕ್ಕೇ ಎದ್ದು ಹೋದ್ರು. ನಾ ಏನ್ ತಪ್ಪು ಮಾಡೀನಿ ಅಂತ ತಿಳೀವಲ್ದು.”

ನಾನು ಕೇಳಿದೆ, “ಶನಿವಾರ ಪೈಕ್‌ವಿಲ್‌ಗೆ ಹೋಗಿದ್ಯಾ?”

“ಹೌದ್ರಿ. ನಿಮಗ ಹೆಂಗ ಗೊತ್ತಾತು?”

ಗೊತ್ತಾಗದೆ ಏನು? ಪೈಕ್‌ವಿಲ್ ಕೆಂಟಕಿ ರಾಜ್ಯದ ಪೂರ್ವ ತುದಿಯಲ್ಲಿದೆ. ಅಲ್ಲಿ ಏಪ್ರಿಲ್ ತಿಂಗಳಲ್ಲಿ ‘ಹಿಲ್‌ಬಿಲಿ ಡೇಸ್’ ಅಂತ ಜಾತ್ರೆ ನಡೆಯುತ್ತದೆ. ಹಿಲ್‌ಬಿಲಿ ಅಂದರೆ ಬೆಟ್ಟದ ಹಳ್ಳಿ ಗಮಾರ ಅಂತ ಹೊರಗಿನವರು ಬೈಯುವ ಪದ. ಅಲ್ಲಿಗೆ ಹೋಗಿ, ನಕ್ಕು, ಫೋಟೋ ತೆಗೆಸಿಕೊಂಡು ಬಂದ ಡಾಕ್ಟರು ಸೋಮವಾರ ಕ್ಲಿನಿಕ್ಕಿನಲ್ಲಿ ಎಡವುತ್ತಾರೆ. ರೋಗಿ ಮಾತಿನ ನಡುವೆ, “ನಾನು ಬರೀ ಒಬ್ಬ ಹಿಲ್‌ಬಿಲಿ, ಡಾಕ್, ನನಗೆ ಇವೆಲ್ಲ ತಿಳಿಯಲ್ಲ” ಅನ್ನುತ್ತಾರೆ. ನಮ್ಮ ಹುಡುಗ ಖುಷಿಯಿಂದ, “ಓಹೋ, ನೀವೂ ಹಿಲ್‌ಬಿಲಿನಾ! ಮೊನ್ನೆ ನಿಮ್ಮ ಜಾತ್ರೆಗೆ ಹೋಗಿದ್ದೆ!” ಅನ್ನುತ್ತಾನೆ. ಇವನೂ ಅದನ್ನೇ ಅಂದಿದ್ದ. ಆ ಮನುಷ್ಯ ಕುರ್ಚಿಯ ಮೇಲಿದ್ದ ಟೋಪಿ ತೆಗೆದುಕೊಂಡು, “ಉಪಕಾರ ಆಯ್ತು” ಅಂತ ಹೇಳಿ ಹೊರಟುಹೋದ. ಬೈಯಲಿಲ್ಲ. ಇಲ್ಲಿನ ಜನ ಬೈಯುವುದು ಕಡಿಮೆ. ಸುಮ್ನೆ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ನನಗೆ ಅದೇ ಭಯ.

ನಾನು ಶ್ವಾಸಕೋಶದ ಡಾಕ್ಟರು. ಊರು ತೀರ್ಥಹಳ್ಳಿ ಹತ್ತಿರ. ಕೆಲಸ ಮಾಡುವುದು ವೆಸ್ಟ್ ವರ್ಜೀನಿಯಾದ ದಕ್ಷಿಣಕ್ಕೆ, ಕಲ್ಲಿದ್ದಲು ಬೆಟ್ಟಗಳ ನಡುವೆ. ಟಗ್ ಫೋರ್ಕ್ ಹೊಳೆ ದಾಟಿದರೆ ಕೆಂಟಕಿ. ನಮ್ಮಂಥವರು ಇಲ್ಲಿಗೆ ಬರುವ ದಾರಿ ಹಲವರಿಗೆ ಗೊತ್ತು. ಅಮೆರಿಕದಲ್ಲಿ ತರಬೇತಿ ಮುಗಿಸಿದ ವಿದೇಶಿ ಡಾಕ್ಟರು ಜೆ-1 ವೀಸಾದಲ್ಲಿದ್ದರೆ ಎರಡು ವರ್ಷ ತಾಯ್ನಾಡಿಗೆ ಹೋಗಿ ಇರಬೇಕು. ಡಾಕ್ಟರುಗಳಿಲ್ಲದ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡುವುದಾಗಿ ಒಪ್ಪಿಕೊಂಡರೆ ಆ ಷರತ್ತು ತಪ್ಪುತ್ತದೆ. ಕಾನ್ರಾಡ್ ಹೆಸರಿನ ಈ ಯೋಜನೆ 1994ರಿಂದ ಇದೆ. ಈಗ ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ಹಾಗಾಗಿ ಅಪಲೇಚಿಯಾ ಬೆಟ್ಟಗಳ ಸಣ್ಣ ಊರುಗಳಲ್ಲಿ ರೆಡ್ಡಿ, ಪಟೇಲ್, ಗೌಡ ಅಂತ ಬೋರ್ಡು ಇರುವ ಕ್ಲಿನಿಕ್ಕು ಕಂಡರೆ ಯಾರೂ ಬೆರಗಾಗುವುದಿಲ್ಲ. ನಾನು ಮೂರು ವರ್ಷಕ್ಕೆ ಅಂತ ಬಂದವಳು, ಇಲ್ಲೇ ಉಳಿದೆ.

ಆ ಜಾತ್ರೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನೂ ಆರೇಳು ಸಲ ಹೋಗಿದ್ದೇನೆ. ಅದು 1977ರಲ್ಲಿ ಶುರುವಾಯಿತು. ಶ್ರೈನರ್ಸ್ ಸಂಘದವರು ನಡೆಸುವ ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸುವುದು ಉದ್ದೇಶ. ಮೂರು ದಿನ ಊರಿನ ಬೀದಿಯೆಲ್ಲ ಜನ. ತೇಪೆ ಹಾಕಿದ ಡಂಗರಿ, ಹರಿದ ಹುಲ್ಲಿನ ಟೋಪಿ, ಬರಿಗಾಲು. ಹಲ್ಲಿಗೆ ಕಪ್ಪು ಬಳಿದುಕೊಂಡು ಹಲ್ಲಿಲ್ಲದವರ ಹಾಗೆ ನಗುತ್ತಾರೆ. ಹಳೇ ಕಾರಿಗೆ ಚಿಮಣಿ, ಕೋಳಿಗೂಡು, ಕಮೋಡು ಕಟ್ಟಿಕೊಂಡು ಮೆರವಣಿಗೆ ಹೊರಡುತ್ತಾರೆ. ಒಂದು ವರ್ಷ ಹಾಗೆ ವೇಷ ಹಾಕಿಕೊಂಡ ಒಬ್ಬರು ನನ್ನ ಹತ್ತಿರ ಬಂದು ಟೋಪಿ ಎತ್ತಿ ನಮಸ್ಕಾರ ಮಾಡಿದರು. ಗುರುತು ಹತ್ತಲು ಒಂದು ನಿಮಿಷ ಬೇಕಾಯಿತು. ನನ್ನ ಮನೆ ಸಾಲದ ಕಾಗದಕ್ಕೆ ಸಹಿ ಹಾಕಿದ ಬ್ಯಾಂಕ್ ಮ್ಯಾನೇಜರು!

ಇನ್ನೂ ದಕ್ಷಿಣಕ್ಕೆ, ಜಾರ್ಜಿಯಾ ರಾಜ್ಯದಲ್ಲೂ ಇಂಥದ್ದೇ ಒಂದು ನಡೆದಿತ್ತು. 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆಯುವಾಗ, “ಆ ಹಳ್ಳಿ ಮುಕ್ಕರ ರಾಜ್ಯದಲ್ಲಿ ಒಲಿಂಪಿಕ್ಸ್ ಅಂತೆ” ಅಂತ ಹೊರಗಿನವರು ತಮಾಷೆ ಮಾಡಿದರು. ಅದಕ್ಕೆ ಉತ್ತರವಾಗಿ ಈಸ್ಟ್ ಡಬ್ಲಿನ್ ಊರಿನವರು ‘ರೆಡ್‌ನೆಕ್ ಗೇಮ್ಸ್’ ಶುರು ಮಾಡಿದರು. ರೆಡ್‌ನೆಕ್ ಅನ್ನುವುದೂ ಹಳ್ಳಿ ಮುಕ್ಕ ಅನ್ನುವ ಥರದ ಬೈಗುಳವೇ. ಕೆಸರು ಗುಂಡಿಗೆ ಹೊಟ್ಟೆ ಅಡಿಯಾಗಿ ಬೀಳುವುದು, ಕಲ್ಲಂಗಡಿ ಬೀಜ ದೂರಕ್ಕೆ ಉಗಿಯುವುದು, ಕಾರಿನ ಚಕ್ರದ ಮುಚ್ಚಳ ಎಸೆಯುವುದು. ನೀವು ನಗುವ ಮೊದಲು ನಾವೇ ನಕ್ಕುಬಿಡುತ್ತೇವೆ ಅಂತ. ಜೆಫ್ ಫಾಕ್ಸ್‌ವರ್ದಿ ಅನ್ನುವ ಹಾಸ್ಯಗಾರ ಇದೇ ರೆಡ್‌ನೆಕ್ ಪದದ ಮೇಲೆ ಜೀವನ ಕಟ್ಟಿಕೊಂಡರು. ಅವರು ಜಾರ್ಜಿಯಾದವರೇ. ಹಾಸ್ಯಕ್ಕೆ ಬರುವ ಮೊದಲು ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದರು. ಅವರ ಜೋಕಿಗೆ ಆ ಜನ ಬಿದ್ದು ಬಿದ್ದು ನಗುವುದಕ್ಕೆ ಕಾರಣ ಒಂದೇ: ಅವರು ತಮ್ಮನ್ನೂ ಸೇರಿಸಿಕೊಂಡು ಹೇಳುತ್ತಾರೆ. ಅದೇ ಜೋಕನ್ನು ನ್ಯೂಯಾರ್ಕಿನವನೊಬ್ಬ ಹೇಳಿದರೆ ಆ ಕೋಣೆಯಲ್ಲಿ ಯಾರೂ ನಗುವುದಿಲ್ಲ.

ಎರಡು ಪದಕ್ಕೂ ವ್ಯತ್ಯಾಸ ಇದೆ. ಹಿಲ್‌ಬಿಲಿ ಅಂದರೆ ಗುಡ್ಡದವ. 1900ರಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆ ಆ ಪದವನ್ನು ವಿವರಿಸಿ ಬರೆಯಿತು: ಕೈಯಲ್ಲಿ ಕಾಸಿಲ್ಲದವ, ಸಿಕ್ಕಿದ್ದು ಉಡುವವ, ವಿಸ್ಕಿ ಸಿಕ್ಕಾಗ ಕುಡಿಯುವವ, ಮನಸ್ಸು ಬಂದಾಗ ಗುಂಡು ಹಾರಿಸುವವ ಅಂತ. ಆ ಚಿತ್ರ ನೂರಿಪ್ಪತ್ತು ವರ್ಷ ದಾಟಿದರೂ ಅಳಿಸಿಲ್ಲ. ರೆಡ್‌ನೆಕ್ ಅಂದರೆ ಕೆಂಪು ಕತ್ತಿನವ. ಹೊಲದಲ್ಲಿ ಬಗ್ಗಿ ದುಡಿಯುವ ಬಡ ಬಿಳಿಯ ರೈತನ ಕತ್ತು ಬಿಸಿಲಿಗೆ ಸುಟ್ಟು ಕೆಂಪಾಗುತ್ತಿತ್ತು. 1800ರ ದಶಕಗಳ ಕೊನೆಯ ಹೊತ್ತಿಗೇ ಅದು ಬೈಗುಳವಾಗಿತ್ತು.

ಆದರೆ ನಮ್ಮ ಬೆಟ್ಟದ ಜನ ಇನ್ನೊಂದು ಕಥೆ ಹೇಳುತ್ತಾರೆ, ಅದೂ ಎದೆ ಉಬ್ಬಿಸಿ. 1921ರ ಆಗಸ್ಟ್ ಕೊನೆಯಲ್ಲಿ ಸುಮಾರು ಹತ್ತು ಸಾವಿರ ಗಣಿ ಕಾರ್ಮಿಕರು ಲೋಗನ್ ಕೌಂಟಿಯ ಬ್ಲೇರ್ ಬೆಟ್ಟದ ಕಡೆಗೆ ನಡೆದರು. ಸಂಘ ಕಟ್ಟುವ ಹಕ್ಕಿಗಾಗಿ. ಯಾರು ತಮ್ಮವರು ಅಂತ ಗುರುತಿಗೆ ಕತ್ತಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡಿದ್ದರು. ಅವರಲ್ಲಿ ಬಿಳಿಯರಿದ್ದರು, ಕರಿಯರಿದ್ದರು, ಇಟಲಿ, ಹಂಗರಿಯಿಂದ ಬಂದವರಿದ್ದರು. ಗಣಿ ಕಂಪನಿಗಳ ಪರ ನಿಂತ ಶೆರಿಫ್ ಡಾನ್ ಚಾಫಿನ್‌ನ ಜನ ಬೆಟ್ಟದ ಮೇಲೆ ಬಂದೂಕು ಹಿಡಿದು ಕಾಯುತ್ತಿದ್ದರು. ಸೆಪ್ಟೆಂಬರ್ ಮೊದಲಲ್ಲಿ ಫೆಡರಲ್ ಸೈನ್ಯ ಬಂದ ಮೇಲೆ ಕಾರ್ಮಿಕರು ಬಂದೂಕು ಕೆಳಗಿಟ್ಟರು. ಆ ಕಾರ್ಮಿಕರನ್ನೂ ರೆಡ್‌ನೆಕ್ ಅಂದರು. ಪದ ಹುಟ್ಟಿದ್ದೇ ಅಲ್ಲಿ ಅಂತ ನನ್ನ ಕೆಲವು ರೋಗಿಗಳು ವಾದ ಮಾಡುತ್ತಾರೆ. ಪದ ಅದಕ್ಕಿಂತ ಹಳೆಯದು, ನಿಜ. ಆದರೆ ಈ ಬೆಟ್ಟಗಳಲ್ಲಿ ಅದಕ್ಕೆ ಮರ್ಯಾದೆ ತಂದುಕೊಟ್ಟಿದ್ದು ಆ ಕೆಂಪು ಬಟ್ಟೆ. ಮೇಟ್‌ವಾನ್ ಊರಿನಲ್ಲಿ 2015ರಿಂದ ಈ ಹೋರಾಟದ ಮ್ಯೂಸಿಯಂ ಇದೆ. ಹೊಸ ಡಾಕ್ಟರು ಬಂದರೆ ನಾನು ಮೊದಲು ಕಳಿಸುವುದು ಅಲ್ಲಿಗೆ. ಜಾತ್ರೆ ಆಮೇಲೆ ನೋಡಿದರೆ ಸಾಕು.

ಈಗ ಕ್ಲಿನಿಕ್ಕಿನ ವಿಷಯ. ಇಲ್ಲೇ ಎಲ್ಲರೂ ತಪ್ಪುವುದು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಜಾತ್ರೆಯಲ್ಲಿ ‘ನಾನು ಹಿಲ್‌ಬಿಲಿ’ ಅನ್ನುವಾಗ ಆ ಮನುಷ್ಯನ ಸುತ್ತ ಅವನ ಜನ ಇರುತ್ತಾರೆ. ಕ್ಲಿನಿಕ್ಕಿನಲ್ಲಿ ಅದೇ ಮಾತು ಅನ್ನುವಾಗ ಅವನು ಒಬ್ಬನೇ. ಬೆನ್ನ ಹಿಂದೆ ಕಟ್ಟುವ ಆಸ್ಪತ್ರೆ ಗೌನು ಹಾಕಿಕೊಂಡು, ಕಾಲು ಇಳಿಬಿಟ್ಟು, ಪೇಪರ್ ಹಾಸಿದ ಮಂಚದ ಮೇಲೆ ಕೂತಿರುತ್ತಾನೆ. ಎದುರಿಗೆ ಬಿಳಿ ಕೋಟಿನ ಡಾಕ್ಟರು, ಕಂಪ್ಯೂಟರು, ಅರ್ಥವಾಗದ ಪದಗಳು. ಆಗ ಅವನು ಆ ಪದ ಎತ್ತಿದರೆ ತನ್ನ ಬಗ್ಗೆ ಮಾಹಿತಿ ಕೊಡುತ್ತಿದ್ದಾನೆ ಅಂತ ತಿಳಿಯಬೇಡಿ. ಅವನು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಿದ್ದಾನೆ. ‘ನೀವೂ ನನ್ನನ್ನು ಹಾಗೇ ಅಂದುಕೊಂಡಿದ್ದೀರಾ?’ ಅಂತ. ನೀವು “ಹೌದು, ಹಿಲ್‌ಬಿಲಿ!” ಅಂದರೆ ಉತ್ತರ ಕೊಟ್ಟಹಾಗಾಯಿತು. ನಿಮ್ಮ ಮನಸ್ಸಿನಲ್ಲಿ ಪ್ರೀತಿಯೇ ಇರಬಹುದು. ಅವನಿಗೆ ಕೇಳಿಸುವುದು ಆ ‘ಹೌದು’ ಮಾತ್ರ.

ಇದನ್ನು ಹೇಳಿದ ತಕ್ಷಣ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. “ಛೆ ಛೆ, ಹಾಗೆಲ್ಲ ಅನ್ನಬೇಡಿ, ನೀವು ಹಿಲ್‌ಬಿಲಿ ಅಲ್ಲ” ಅನ್ನುತ್ತಾರೆ. ಅದೂ ತಪ್ಪು. ಅಪ್ಪ, ಅಜ್ಜ ಹೆಮ್ಮೆಯಿಂದ ಹೇಳಿಕೊಂಡ ಹೆಸರನ್ನು ನೀವು ಕೆಟ್ಟ ಪದ ಮಾಡಿಬಿಟ್ಟಿರಿ. ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತಾರೆ. ಅವರು ನಕ್ಕರೆ ನೀವೂ ನಗಿ, ಅವರಿಗಿಂತ ಜಾಸ್ತಿ ಬೇಡ. ಪದವನ್ನು ಅಲ್ಲೇ ಬಿಡಿ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ. ಇಷ್ಟೇ. ನಾನು ಸಮಾಜಶಾಸ್ತ್ರ ಓದಿದವಳಲ್ಲ, ರೋಗಿಗಳ ಜೊತೆ ಕೂತು ಕಂಡದ್ದನ್ನು ಹೇಳುತ್ತಿದ್ದೇನೆ. ಎಲ್ಲರೂ ಒಂದೇ ಥರ ಇರುವುದಿಲ್ಲ. ಆ ಪದ ಕಿವಿಗೆ ಬಿದ್ದರೇ ಸಿಟ್ಟಾಗುವವರೂ ಇದೇ ಬೆಟ್ಟದಲ್ಲಿದ್ದಾರೆ. ನಿಜವಾಗಿ ತಮಾಷೆಗೇ ಅನ್ನುವವರೂ ಇದ್ದಾರೆ. ಯಾರು ಯಾವ ಥರ ಅಂತ ಮೊದಲ ಭೇಟಿಯಲ್ಲಿ ನಮಗೆ ತಿಳಿಯುವುದಿಲ್ಲ. ಅದಕ್ಕೇ ಎಚ್ಚರ ಬೇಕು.

ಇದನ್ನು ನನಗೆ ಕಲಿಸಿದ್ದು ಒಬ್ಬ ಹಿರಿಯ ಗಣಿ ಕಾರ್ಮಿಕರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾನು ಬಂದ ಮೊದಲ ವರ್ಷ. ಅವರ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಟುಗಂಟಾದ ಬೆರಳು, ಹಿಂಗೈ ಮೇಲೆ ಅಲ್ಲಲ್ಲಿ ನೀಲಿ ಗೆರೆ, ಹಚ್ಚೆ ಹಾಕಿಸಿಕೊಂಡ ಹಾಗೆ. ಗಾಯವಾದಾಗ ಕಲ್ಲಿದ್ದಲ ಪುಡಿ ಒಳಗೆ ಉಳಿದು, ಮೇಲೆ ಚರ್ಮ ಕೂಡಿಕೊಂಡ ಗುರುತು ಅದು. “ನಾನು ದಡ್ಡ ಹಿಲ್‌ಬಿಲಿ, ಡಾಕ್. ಬಿಡಿಸಿ ಹೇಳಿ” ಅಂದರು. ನಾನು ಮಕ್ಕಳಿಗೆ ಹೇಳುವ ಹಾಗೆ ಶುರು ಮಾಡಿದೆ. ಶ್ವಾಸಕೋಶ ಅಂದರೆ ಒಂದು ಸ್ಪಂಜಿನ ಹಾಗೆ, ಬಲೂನಿನ ಹಾಗೆ ಅಂತ. ಅವರು ತಲೆ ಆಡಿಸುತ್ತಾ ಕೇಳಿಸಿಕೊಂಡರು. ಆಮೇಲೆ ನನ್ನ ಪೆನ್ನು ಕೇಳಿ ತೆಗೆದುಕೊಂಡು, ಮಂಚಕ್ಕೆ ಹಾಸಿದ್ದ ಪೇಪರಿನ ಮೇಲೇ ಚಿತ್ರ ಬರೆದರು.

ಗಣಿಯ ಚಿತ್ರ. ಮೇಲೆ ದೊಡ್ಡ ಫ್ಯಾನು. ಈ ಸುರಂಗದಲ್ಲಿ ಹೊಸ ಗಾಳಿ ಒಳಗೆ ಹೋಗುತ್ತದೆ, ಅದಕ್ಕೆ ಇಂಟೇಕ್ ಅನ್ನುತ್ತೇವೆ. ಕಲ್ಲಿದ್ದಲು ಕಡಿಯುವ ಮುಖದ ತನಕ ಗಾಳಿ ಮುಟ್ಟಲಿ ಅಂತ ಇಲ್ಲಿ ದಪ್ಪ ಪರದೆ ಕಟ್ಟುತ್ತೇವೆ. ಧೂಳು, ಮೀಥೇನ್ ಹೊತ್ತುಕೊಂಡು ಕೆಟ್ಟ ಗಾಳಿ ಈ ಇನ್ನೊಂದು ಸುರಂಗದಲ್ಲಿ ಹೊರಗೆ ಬರುತ್ತದೆ, ಅದು ರಿಟರ್ನ್. ಪರದೆ ಸರಿಯಿಲ್ಲದಿದ್ದರೆ ಜನ ಸಾಯುತ್ತಾರೆ. ಇಷ್ಟು ಹೇಳಿ ಕೇಳಿದರು: “ನನಗೆ ಗಾಳಿ ಒಳಗೆ ಹೋಗುತ್ತೆ. ಹೊರಗೆ ಬರೋದು ಕಷ್ಟ. ಹಾಗಾದ್ರೆ ನನ್ನ ರಿಟರ್ನ್ ಕಟ್ಟಿಕೊಂಡಿದೆ, ಅಲ್ವಾ?”

ಅವರ ಉಸಿರಾಟದ ಪರೀಕ್ಷೆಯ ರಿಪೋರ್ಟು ನನ್ನ ಕೈಯಲ್ಲಿತ್ತು. ಅದರಲ್ಲಿದ್ದದ್ದು ಅದೇ. ಶ್ವಾಸನಾಳ ಕಿರಿದಾಗಿ, ಗಾಳಿ ಒಳಗೇ ಸಿಕ್ಕಿಕೊಳ್ಳುವ ಕಾಯಿಲೆ. ಜೀವಮಾನವಿಡೀ ನೆಲದಡಿ ಗಾಳಿ ಹರಿಸಿ ಜನರ ಜೀವ ಕಾದ ಮನುಷ್ಯನಿಗೆ ನಾನು ಬಲೂನಿನ ಕಥೆ ಹೇಳುತ್ತಿದ್ದೆ. ಅವತ್ತಿನಿಂದ ಗಣಿಯವರಿಗೆ ಇಂಟೇಕ್, ರಿಟರ್ನ್ ಅಂತಲೇ ವಿವರಿಸುತ್ತೇನೆ. ಇನ್‌ಹೇಲರ್ ಯಾಕೆ ದಿನಾ ತೆಗೆದುಕೊಳ್ಳಬೇಕು ಅಂತ ಎರಡನೇ ಸಲ ಹೇಳಬೇಕಾದದ್ದು ಕಡಿಮೆ.

ಆ ಪದವನ್ನು ನಂಬಿಕೊಂಡು ಕೂತ ಡಾಕ್ಟರು ಕಳೆದುಕೊಳ್ಳುವುದು ಇದನ್ನೇ. ರೋಗಿ ‘ನನಗೆ ತಿಳಿಯಲ್ಲ’ ಅಂದರು ಅಂತ ಇವರು ಕಡಿಮೆ ಹೇಳುತ್ತಾರೆ, ಅದಕ್ಕಿಂತ ಕಡಿಮೆ ಕೇಳುತ್ತಾರೆ. ನಮ್ಮ ಕಡೆ ಇದು ಸಣ್ಣ ನಷ್ಟ ಅಲ್ಲ. ನೈಋತ್ಯ ವರ್ಜೀನಿಯಾದ ಮೂರೇ ಕ್ಲಿನಿಕ್ಕುಗಳಲ್ಲಿ 2013ರಿಂದ 2017ರ ನಡುವೆ 416 ಗಣಿ ಕಾರ್ಮಿಕರಿಗೆ, ಗಣಿ ಧೂಳಿನಿಂದ ಬರುವ ಕಪ್ಪು ಶ್ವಾಸಕೋಶ ಕಾಯಿಲೆಯ ಅತಿ ಕೆಟ್ಟ ರೂಪ ಇರುವುದು ಕಂಡುಬಂತು. ಈಗ ಕಲ್ಲಿದ್ದಲ ಪದರ ತೆಳ್ಳಗಾಗಿದೆ. ಅದರ ಜೊತೆ ಮೇಲಿನ, ಕೆಳಗಿನ ಬಂಡೆಯನ್ನೂ ಕಡಿಯಬೇಕು. ಆ ಬಂಡೆಯ ಸಿಲಿಕಾ ಧೂಳು ಬರೀ ಕಲ್ಲಿದ್ದಲ ಧೂಳಿಗಿಂತ ಕೆಟ್ಟದ್ದು. ನಲವತ್ತು ವರ್ಷದವರೂ ಆಕ್ಸಿಜನ್ ಹಿಡಿದುಕೊಂಡು ಬರುತ್ತಾರೆ.

ಎಷ್ಟು ವರ್ಷ ನೆಲದಡಿ? ಛಾವಣಿಗೆ ಬೋಲ್ಟ್ ಹೊಡೆಯುವವರೋ, ಕಡಿಯುವ ಮಿಷನ್ ನಡೆಸುವವರೋ? ಈ ಪ್ರಶ್ನೆ ಕೇಳದೆ ಬಿಟ್ಟರೆ ಕೆಮ್ಮನ್ನು ಸಿಗರೇಟಿನ ಕೆಮ್ಮು ಅಂತ ಬರೆದು ಕಳಿಸುತ್ತೇವೆ. ನೆಲದಡಿ 15 ವರ್ಷ ಅಥವಾ ಜಾಸ್ತಿ ದುಡಿದು, ಆ ಕೆಲಸ ಮಾಡಲಾಗದಷ್ಟು ಉಸಿರಿನ ತೊಂದರೆ ಇದ್ದರೆ, ಅದು ಗಣಿಯಿಂದಲೇ ಬಂದದ್ದು ಅಂತ ಮೊದಲು ಊಹಿಸಿಕೊಳ್ಳಬೇಕು ಅನ್ನುವ ನಿಯಮ ಫೆಡರಲ್ ಕಾನೂನಿನಲ್ಲಿದೆ. 2010ರಲ್ಲಿ ಅದನ್ನು ಮತ್ತೆ ಜಾರಿಗೆ ತಂದರು. ನಾನು ವಕೀಲಳಲ್ಲ, ಒಂದೊಂದು ಕೇಸೂ ಬೇರೆ. ಆದರೆ “ಕಾಗದಪತ್ರ ನನಗೆ ಆಗಿಬರಲ್ಲ ಡಾಕ್, ನಾನು ಹಿಲ್‌ಬಿಲಿ” ಅಂದವರನ್ನು ನಕ್ಕು ಕಳಿಸಿದರೆ ಅವರ ಮನೆಗೆ ಬರಬೇಕಾದ ಪರಿಹಾರದ ಹಣ ಬಾರದೇ ಹೋಗಬಹುದು.

ಇವರ ಮಾತಿನಲ್ಲೂ ಕಲಿಯುವುದಿದೆ. ಸಕ್ಕರೆ ಕಾಯಿಲೆಗೆ ಇವರು ‘ಶುಗರ್’ ಅನ್ನುತ್ತಾರೆ, ನಮ್ಮ ಅಮ್ಮಂದಿರ ಹಾಗೇ. ಉಸಿರು ಕಟ್ಟಿದರೆ ‘ಸ್ಮದರಿಂಗ್’. ಆತಂಕ, ನಿದ್ದೆಗೇಡು ಎಲ್ಲ ಸೇರಿಸಿ ‘ನರ್ವ್ಸ್’. ನಮ್ಮೂರಿನಲ್ಲಿ ನರಗಳ ವೀಕ್ನೆಸ್ ಅನ್ನುವುದಿಲ್ಲವೇ? ಕನ್ನಡದ ಡಾಕ್ಟರಿಗೆ ಇದು ಬೇಗ ಅರ್ಥವಾಗಬೇಕು. ಕೇಳಿಸಿಕೊಂಡರೆ ಖಂಡಿತ ಆಗುತ್ತದೆ.

ನನಗೆ ಈ ವಿಷಯದಲ್ಲಿ ಸಿಟ್ಟು ಬೇಗ ಬರುವುದಕ್ಕೆ ಇನ್ನೊಂದು ಕಾರಣ ಇದೆ. ನನ್ನ ಅಪ್ಪ ಅಡಕೆ ಬೆಳೆಗಾರರು. ಕೊಯ್ಲಿನ ಕಾಲದಲ್ಲಿ ಅವರ ಬೆರಳು ಚೊಗರು ಹಿಡಿದು ಕಪ್ಪಾಗಿರುತ್ತಿತ್ತು, ಎಷ್ಟು ತೊಳೆದರೂ ಹೋಗದು. ನಾನು ಇನ್ನೂ ಓದುತ್ತಿದ್ದಾಗ ಅವರನ್ನು ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಆ ಕೈ ಮುಗಿದು, “ನಾವು ಕಾಡಿನವರು ಸ್ವಾಮಿ, ನಮಗೇನು ತಿಳಿಯುತ್ತೆ” ಅಂದರು ಅಪ್ಪ. ಡಾಕ್ಟರು ನಕ್ಕು, “ಗ್ಯಾಸ್ಟ್ರಿಕ್, ಮಾತ್ರೆ ತಗೊಳ್ಳಿ” ಅಂದರು. ಸೊಪ್ಪಿನ ಬೆಟ್ಟ ಹತ್ತುವಾಗ ಎದೆ ಹಿಡಿಯುತ್ತೆ, ನಿಂತರೆ ಬಿಡುತ್ತೆ ಅಂತ ಅಪ್ಪ ಹೇಳಬೇಕು ಅಂದುಕೊಂಡು ಬಂದಿದ್ದರು. ಹೇಳಲಿಲ್ಲ. ಡಾಕ್ಟರು ಕೇಳಲಿಲ್ಲ. ಮೂರು ತಿಂಗಳಿಗೆ ಹಾರ್ಟ್ ಅಟ್ಯಾಕ್ ಆಯಿತು. ದೇವರ ದಯೆ, ಬದುಕಿದರು. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಲೆಕ್ಕ ಹಾಕಿ ಬೋರ್ಡೋ ಕಲಸುತ್ತಿದ್ದ ಮನುಷ್ಯ ಅವರು. ಯಾವ ಮೋಡಕ್ಕೆ ಎಷ್ಟು ಮಳೆ ಅಂತ ಹೇಳುತ್ತಿದ್ದರು. ಅಂಥವರಿಗೆ ಏನು ತಿಳಿಯದು?

ನನ್ನ ಊರೂ ಬೆಟ್ಟದ ನಡುವೆ ಅಂತ ಇಲ್ಲಿನ ಜನಕ್ಕೆ ಗೊತ್ತಾದದ್ದು ನಿಧಾನವಾಗಿ. ಹನ್ನೊಂದನೇ ವರ್ಷ ಒಬ್ಬ ರೋಗಿಯ ಹೆಂಡತಿ ಮನೆಗೆ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಬೇಯಿಸಿದ ಬೀನ್ಸು. ಇದು ಮೆಕ್ಕೆಜೋಳದ, ಓವನ್ನಿನಲ್ಲಿ ಸುಟ್ಟ ದಪ್ಪ ರೊಟ್ಟಿ. ಮಳೆಗಾಲ, ಕಂಬಳಿಕೊಪ್ಪೆ, ಜಿಗಣೆ ಎಲ್ಲ ಹೇಳುತ್ತಾ ಕೂತೆ. ಆಕೆ ನನ್ನ ಕೈ ತಟ್ಟಿ, “ಹಾಗಾದ್ರೆ ನೀನೂ ಹಿಲ್‌ಬಿಲಿನೇ ಕಣೇ” ಅಂದರು. ನನಗೆ ಗಂಟಲು ಕಟ್ಟಿತು. ಆ ಪದವನ್ನು ಅವರು ನನಗೆ ಕೊಟ್ಟರು. ಈಗ ಅವರ ಜಗಲಿಯಲ್ಲಿ ಕೂತಾಗ ನನ್ನನ್ನು ನಾನು ಹಾಗೆ ಕರೆದುಕೊಳ್ಳುತ್ತೇನೆ. ಕ್ಲಿನಿಕ್ಕಿನಲ್ಲಿ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹೊಸಬರು ಬಂದು ಇದನ್ನು ಕೇಳಿ, “ನಮಗೂ ಹನ್ನೊಂದು ವರ್ಷ ಬೇಕಾ ಮೇಡಂ?” ಅನ್ನುತ್ತಾರೆ. ವರ್ಷದ ಲೆಕ್ಕ ಇಲ್ಲ ಮಾರಾಯ, ಅವರಾಗಿ ಕರೆಯುವ ತನಕ ಅಷ್ಟೇ.

ಕಲಬುರಗಿ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ರಿಸೆಪ್ಷನ್‌ನವರಿಂದ ಫೋನ್ ಮಾಡಿಸಬೇಡ, ನೀನೇ ಮಾಡು. ಆ ಪದ ಎತ್ತಬೇಡ, ಉದ್ದಕ್ಕೆ ಕ್ಷಮೆ ಕೇಳಬೇಡ, ಅದರಿಂದ ಅವರಿಗೇ ಮುಜುಗರ. “ಮೊನ್ನೆ ನಿಮ್ಮ ಕೆಮ್ಮಿನ ವಿಷಯ ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಬರ್ತೀರಾ?” ಅಂತ ಕೇಳು. ಮಾಡಿದ. ಆ ಕಡೆಯಿಂದ ತುಂಬಾ ಹೊತ್ತು ಮಾತೇ ಇರಲಿಲ್ಲವಂತೆ. ಆಮೇಲೆ, “ನೋಡೋಣ” ಅಂದರಂತೆ.

ಮೇ ಎರಡನೇ ವಾರ ಹೆಂಡತಿಯನ್ನು ಕರೆದುಕೊಂಡು ಬಂದರು. ಇವನು ಕುರ್ಚಿ ಎಳೆದುಕೊಂಡು ಕೂತು, “ಗಣಿಯಲ್ಲಿ ನಿಮ್ಮದು ಏನು ಕೆಲಸ ಇತ್ತು?” ಅಂತ ಕೇಳಿದ. ಇಪ್ಪತ್ತೆರಡು ವರ್ಷ ಛಾವಣಿಗೆ ಬೋಲ್ಟ್ ಹೊಡೆದವರು. ನಲವತ್ತು ನಿಮಿಷ ಮಾತಾಡಿದರಂತೆ. ಎಕ್ಸ್‌ರೇ ನನಗೆ ಕಳಿಸಿದ್ದಾನೆ, ಎರಡೂ ಕಡೆ ಮೇಲ್ಭಾಗದಲ್ಲಿ ನನಗೆ ಇಷ್ಟವಾಗದ ನೆರಳು ಇದೆ. ಸ್ಕ್ಯಾನಿಗೆ ಬರೆದಿದ್ದೇವೆ. ಅವತ್ತು ಹೊರಗೆ ಐದು ಜನ ಕಾಯುತ್ತಿದ್ದರು. ಒಳಗೆ ಯಾರಿದ್ದಾರೆ ಅಂತ ಅವರಿಗೆಲ್ಲ ಗೊತ್ತಿತ್ತು. ಒಬ್ಬರೂ ಗೊಣಗಲಿಲ್ಲವಂತೆ.